ಮಾಲೆ ತೆಗೆದ ಸಂಜೆ

"ಅಪ್ಪಾ, ಇದನ್ನು ಯಾವಾಗಲೂ ಹಾಕಿಕೊಂಡೇ ಇರಬಹುದಲ್ಲ?" ಎಂದು ಮಗಳು ಕೇಳಿದಾಗ ಅವಳಿಗೆ ಆರು ವರ್ಷ. ನಾನು ಶಬರಿಮಲೆಯಿಂದ ಬಂದ ದಿನ ಅದು. ನನ್ನ ಅಮ್ಮ ದೇವರ ಕೋಣೆಯ ಬಾಗಿಲಲ್ಲಿ ನಿಂತು ನನ್ನ ಕೊರಳಿನ ತುಳಸಿ ಮಾಲೆ ತೆಗೆಯುತ್ತಿದ್ದಳು. ಮಗುವಿನ ಮಾತಿಗೆ ಎಲ್ಲರೂ ನಕ್ಕರು, ನಾನೂ ನಕ್ಕೆ. ಅವಳು ಮಾತ್ರ ನಗಲಿಲ್ಲ. ಮಾಲೆ ಇರುವಷ್ಟು ದಿನ ಅಪ್ಪ ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಾನೆ, ಅಮ್ಮ ಅಳುವುದಿಲ್ಲ ಎಂಬ ಲೆಕ್ಕ ಅವಳಿಗೆ ಗೊತ್ತಿತ್ತು. ಅಂದು ಸಂಜೆ ಆರೂವರೆಗೆ ನಾನು ಚಪ್ಪಲಿ ಮೆಟ್ಟಿಕೊಂಡೆ. 41 ದಿನ ಬರಿಗಾಲಲ್ಲಿ ನಡೆದಿದ್ದ ಕಾಲಿಗೆ, ಚಪ್ಪಲಿ ಸಿಕ್ಕಿದ ಕೂಡಲೇ ಹಳೆಯ ದಾರಿ ನೆನಪಾಯಿತು.

ನಮ್ಮದು ತಿಪಟೂರು. ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಕುಡಿತ ನನಗೆ ಅಪ್ಪನಿಂದ ಬಂದದ್ದು ಎಂದು ಬಹಳ ದಿನ ಹೇಳಿಕೊಂಡು ತಿರುಗಿದೆ. ಅಪ್ಪ ಪ್ಯಾಕೆಟ್ ಸಾರಾಯಿ ಕುಡಿಯುತ್ತಿದ್ದ. 2007ರ ಜುಲೈನಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿತು, ಅಪ್ಪ ನಿಲ್ಲಿಸಲಿಲ್ಲ, ಬ್ರಾಂದಿಗೆ ಬಂದ. ನಾನು ಅವನನ್ನು ಬೈಯುತ್ತಲೇ ಅವನ ಹಿಂದೆ ಹೋದೆ.

ನವೆಂಬರ್ ಮಧ್ಯದಲ್ಲಿ ಮಲಯಾಳಿಗಳ ವೃಶ್ಚಿಕ ಮಾಸ ಹುಟ್ಟುವ ಹೊತ್ತಿಗೆ ನಮ್ಮ ಪೇಟೆಯ ಅಂಗಡಿಗಳ ಮುಂದೆ ಕಪ್ಪು ಪಂಚೆಗಳು ತೂಗಾಡುತ್ತವೆ. ವ್ರತ 41 ದಿನ ಎನ್ನುವುದು ಸಂಪ್ರದಾಯ. ನಮ್ಮ ಕಡೆ ಕೆಲವರು ಮಂಡಲವೆಂದರೆ 48 ಎಂದು ಎಣಿಸುತ್ತಾರೆ. ಬಸ್ಸು ಹೊರಡುವ ಹಿಂದಿನ ದಿನ ಮಾಲೆ ಹಾಕಿಕೊಳ್ಳುವವರನ್ನೂ ನೋಡಿದ್ದೇನೆ, ಅವರ ಗೊಡವೆ ಇಲ್ಲಿ ಬೇಡ. ಕುಡಿಯುವವರ ಪಾಲಿಗೆ ಈ ವ್ರತ ಒಂದು ಆಸರೆ ಎಂಬುದನ್ನು ಊರೇ ಬಲ್ಲದು. ಹೆಂಡತಿಯ ಮಾತಿಗೆ, ವೈದ್ಯರ ಮಾತಿಗೆ ಬಿಡದವನು ಅಯ್ಯಪ್ಪನ ಹೆದರಿಕೆಗೆ ಬಿಡುತ್ತಾನೆ. ನಾನು ಕೂರುತ್ತಿದ್ದ ಬಾರ್‌ನ ಹುಡುಗ ದಾರಿಯಲ್ಲಿ ಕಂಡರೆ ಕೈಮುಗಿದು, "ಸ್ವಾಮಿ, ತೆಗೆಯುವುದು ಯಾವತ್ತು?" ಎಂದು ಕೇಳುತ್ತಿದ್ದ. ಅವನ ದನಿಯಲ್ಲಿ ಕುಚೋದ್ಯವಿರಲಿಲ್ಲ. ನಾನು ತಾರೀಖು ಹೇಳುತ್ತಿದ್ದೆ.

ಆ ತಾರೀಖೇ ನನ್ನನ್ನು ಕೆಡಿಸಿತು. ಮೂರು ವರ್ಷ ಮಾಲೆ ಹಾಕಿದೆ, ಮೂರು ವರ್ಷವೂ ದಿನಗಳನ್ನು ಮುಂದಿನಿಂದ ಹಿಂದಕ್ಕೆ ಎಣಿಸಿದೆ: ಇನ್ನು ಇಪ್ಪತ್ತು, ಇನ್ನು ಹತ್ತು, ಇನ್ನು ಮೂರು. ಕೈದಿ ಗೋಡೆಯ ಮೇಲೆ ಗೆರೆ ಹೊಡೆಯುವಂತೆ. ಬಾಯಲ್ಲಿ ಶರಣು ಕೂಗುತ್ತಿದ್ದವನ ಮನಸ್ಸು ಜನವರಿಯ ಒಂದು ಸಂಜೆಯ ಮೇಲೆ ಕುಳಿತಿರುತ್ತಿತ್ತು. ಹಾಗೆಂದು ಮಾಲೆಯನ್ನು ದೂರಲಾರೆ. ಅದು ಏನೇನು ಕೊಟ್ಟಿತ್ತು ಎಂಬುದು ಅರ್ಥವಾದದ್ದು ತಡವಾಗಿ. ಬೆಳಗಿನ ಜಾವ ತಣ್ಣೀರು. ಎರಡು ಹೊತ್ತು ಪೂಜೆ. ರಾತ್ರಿ ಚಾಪೆ. ಎಲ್ಲಕ್ಕಿಂತ ಮಿಗಿಲಾಗಿ ಸಂಜೆ ಆರೂವರೆಗೆ ಗುರುಸ್ವಾಮಿಗಳ ಅಂಗಳದ ಚಪ್ಪರದಲ್ಲಿ ಭಜನೆ. ಬೇರೆ ದಿನಗಳಲ್ಲಿ ನಾನು ಬಾರ್‌ನ ಮೂಲೆಯ ಮೇಜಿಗೆ ಸೇರುತ್ತಿದ್ದದ್ದು ಸರಿಯಾಗಿ ಅದೇ ಗಳಿಗೆಯಲ್ಲಿ! ಜೊತೆಗೆ, ಸಾಲದವರು ಕೂಡ ನನ್ನನ್ನು "ಸ್ವಾಮಿ" ಎಂದು ಕರೆಯುತ್ತಿದ್ದರು. ವರ್ಷವಿಡೀ "ಆ ಕುಡುಕ" ಎನಿಸಿಕೊಂಡವನಿಗೆ ಆ ಎರಡಕ್ಷರ ಎಂಥದ್ದೆಂದು ಕುಡಿಯದವರಿಗೆ ಹೇಗೆ ತಿಳಿಸಲಿ? ಮಾಲೆ ತೆಗೆದ ದಿನ ಈ ಎಲ್ಲವನ್ನೂ ಒಂದೇ ಏಟಿಗೆ ಕಳಚಿಟ್ಟು ಬರುತ್ತಿದ್ದೆ. ಹೆಂಡತಿ ಅಷ್ಟು ದಿನ ನನಗಾಗಿ ಸೂರ್ಯ ಹುಟ್ಟುವ ಮೊದಲೇ ಮಿಂದು, ಮಡಿಯಲ್ಲಿ ಅಡುಗೆ ಮಾಡಿ ನನ್ನ ವ್ರತದ ಅರ್ಧ ಭಾರ ಹೊತ್ತಿರುತ್ತಿದ್ದಳು. ಅದನ್ನು ಆಗ ನಾನು ಲೆಕ್ಕಕ್ಕೇ ಹಿಡಿಯಲಿಲ್ಲ, ಲೆಕ್ಕ ಬರೆಯುವವನಾಗಿಯೂ.

ನಾಲ್ಕನೆಯ ವರ್ಷ, 2017. ಆ ಹೊತ್ತಿಗೆ ನನಗೆ ಬೆಳಿಗ್ಗೆ ಎದ್ದ ಕೂಡಲೇ ಬೇಕಾಗುತ್ತಿತ್ತು, ಇಲ್ಲದಿದ್ದರೆ ಲೆಕ್ಕದ ಪುಸ್ತಕದಲ್ಲಿ ಪೆನ್ನು ನಿಲ್ಲುತ್ತಿರಲಿಲ್ಲ. ಹಾಗಿದ್ದವನು ಒಂದೇ ರಾತ್ರಿಯಲ್ಲಿ ನಿಲ್ಲಿಸಿ ಮಾಲೆ ಹಾಕಿಕೊಂಡೆ. ಎರಡನೆಯ ದಿನ ಮೈಯೆಲ್ಲ ನಡುಕ, ಬೆವರು. ಮೂರನೆಯ ಸಂಜೆ ಭಜನೆಯ ನಡುವೆ ಗೋಡೆಯ ಮೇಲೆ ಇರುವೆಗಳ ಸಾಲು ಕಂಡಿತು. ಇಲ್ಲದ ಇರುವೆಗಳನ್ನು ಕೈಯಿಂದ ಒರೆಸತೊಡಗಿದೆ. ಕೆಲವರು "ಸ್ವಾಮಿ ಮೈಮೇಲೆ ಬಂದಿದ್ದಾನೆ" ಎಂದು ಕರ್ಪೂರ ಹಚ್ಚಿ ಶರಣು ಜೋರು ಮಾಡಿದರಂತೆ. ಗುರುಸ್ವಾಮಿಗಳು ಸಾರಿಗೆ ಬಸ್ಸಿನ ನಿವೃತ್ತ ಚಾಲಕರು, ಮೂವತ್ತು ವರ್ಷ ಎಲ್ಲ ಬಗೆಯ ಜನರನ್ನು ಕೂರಿಸಿಕೊಂಡು ಓಡಾಡಿದವರು. ಹತ್ತಿರ ಬಂದು ನನ್ನ ಕಣ್ಣು ನೋಡಿ, "ಇದು ಅಯ್ಯಪ್ಪ ಅಲ್ಲ, ಬ್ರಾಂದಿ. ಆಟೊ ಕರೆಯಿರಿ" ಎಂದರಂತೆ.

ಆಸ್ಪತ್ರೆಯಲ್ಲಿ ವೈದ್ಯರು ಹೆಂಡತಿಗೆ ಹೇಳಿದ್ದನ್ನು ಇಲ್ಲಿ ಬರೆಯಲೇಬೇಕು, ಏಕೆಂದರೆ ಪ್ರತಿ ಕಾರ್ತಿಕದಲ್ಲೂ ನನ್ನಂಥವರು ಮಾಲೆ ಹಾಕಿಕೊಳ್ಳುತ್ತಾರೆ. ದಿನವೂ ಹೆಚ್ಚು ಕುಡಿಯುವ ದೇಹ ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡು ಮೂರು ದಿನಕ್ಕೆ ಭ್ರಮೆ ಹಿಡಿಯಬಹುದು, ಜೀವವೂ ಹೋಗಬಹುದು. ಅದಕ್ಕೆ ಮಾತ್ರೆಗಳಿವೆ, ಥಯಾಮಿನ್ ಎಂಬ ಜೀವಸತ್ವದ ಚುಚ್ಚುಮದ್ದಿದೆ. ಮಾಲೆಗೆ ಮೊದಲು ವೈದ್ಯರನ್ನು ಕಂಡರೆ ಅಯ್ಯಪ್ಪ ಬೇಸರಿಸುವುದಿಲ್ಲ.

ಆಸ್ಪತ್ರೆಯ ಮಂಚದ ಮೇಲೆಯೇ ಅಮ್ಮ ನನ್ನ ಮಾಲೆ ತೆಗೆದಳು. ನನ್ನ ಹೆಸರಿನ ತುಪ್ಪದ ಕಾಯಿ ಬೇರೊಬ್ಬರ ಇರುಮುಡಿಯಲ್ಲಿ ಬೆಟ್ಟಕ್ಕೆ ಹೋಯಿತು. ವ್ರತ ಪೂರ್ತಿಯಾದ ಮೂರು ವರ್ಷವೂ ಕುಡಿದವನು, ವ್ರತ ಕೆಟ್ಟ ವರ್ಷ ಕುಡಿಯಲಿಲ್ಲ. ಈ ವಿಚಿತ್ರವನ್ನು ನಾನು ಇನ್ನೂ ಬಿಡಿಸಿಕೊಂಡಿಲ್ಲ. ತೆಗೆಯುವ ತಾರೀಖು ಇಲ್ಲದೆ ಹೋದದ್ದೇ ಕಾರಣವಿರಬಹುದು.

ಆಮೇಲೆ ತಿಂಗಳಿಗೆ ಎರಡು ಭಾನುವಾರ ರೈಲು ಹತ್ತಿ ಬೆಂಗಳೂರಿಗೆ, ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗೆ. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಒಬ್ಬ ಷೇರು ದಲ್ಲಾಳಿ, ಒಬ್ಬ ಶಸ್ತ್ರವೈದ್ಯ, ಇಬ್ಬರೂ ಕುಡುಕರು, ಎದುರುಬದುರು ಕುಳಿತು ಮಾತನಾಡಿದ್ದರಿಂದ ಹುಟ್ಟಿದ ಕೂಟ ಅದು. ಅಲ್ಲಿ ಜಾತಿ ಕೇಳುವುದಿಲ್ಲ, ಮನೆತನ ಕೇಳುವುದಿಲ್ಲ. ದೇವರನ್ನು ಕೂಡ ಅವರವರಿಗೆ ತಿಳಿದಂತೆ ಇಟ್ಟುಕೊಳ್ಳಲು ಬಿಡುತ್ತಾರೆ. ನಾನು ಅಯ್ಯಪ್ಪನನ್ನು ಇಟ್ಟುಕೊಂಡೆ. ಪಕ್ಕದ ಕುರ್ಚಿಯವರು ಯೇಸುವನ್ನು; ಅದರಾಚೆಯವರು ಯಾರನ್ನೂ ಇಟ್ಟುಕೊಂಡಿಲ್ಲ, ಅವರು ಬಿಟ್ಟು ಹನ್ನೊಂದು ವರ್ಷವಾಗಿದೆ. ಅಲ್ಲಿ ಕಲಿಸಿದ್ದು ಒಂದೇ ಎಣಿಕೆ: ಇವತ್ತು.

2018ರ ಮೇ ತಿಂಗಳಲ್ಲಿ ಸೋದರಮಾವನ ಮಗನ ಮದುವೆಯಲ್ಲಿ ಜಾರಿದೆ. ಒಂದೇ ರಾತ್ರಿ. ಮರುದಿನ ಗುರುಸ್ವಾಮಿಗಳ ಮುಂದೆ ಹೋಗಿ ನಿಂತಾಗ ಅವರು ಬೈಯಲಿಲ್ಲ. "ದಾರಿಯಲ್ಲಿ ಮಾಲೆ ಹರಿದರೆ ಏನು ಮಾಡುತ್ತೀರಿ ಸ್ವಾಮಿ? ಮಣಿ ಆಯ್ದು ಪೋಣಿಸಿ ಹಾಕಿಕೊಳ್ಳುತ್ತೀರಿ ತಾನೇ" ಎಂದು ಕಾಫಿ ಕೊಟ್ಟರು.

ಉಳಿದದ್ದು ದಿನದಿನದ ಬದುಕು, ಹೇಳಿಕೊಳ್ಳುವಂಥದ್ದೇನಿಲ್ಲ. ಹರಾಜಿನ ದಿನ ರೈತರ ಕೈಯಲ್ಲಿ ದುಡ್ಡು ಓಡಾಡುತ್ತದೆ, ಬಾರ್‌ಗಳು ತುಂಬುತ್ತವೆ. ಅಂದು ನಾನು ಸುತ್ತುದಾರಿ ಹಿಡಿದು ಮನೆ ಸೇರುತ್ತೇನೆ. ಸಂಬಳದ ಕವರನ್ನು ಒಡೆಯದೆ ಹೆಂಡತಿಯ ಕೈಗೆ ಕೊಡುತ್ತೇನೆ. ಬಾಗಿಲು ತೆರೆದಾಗ ಅವಳ ಮೂಗು ಈಗಲೂ ಒಂದು ಕ್ಷಣ ಅರಳುತ್ತದೆ, ಅವಳಿಗೇ ಗೊತ್ತಿಲ್ಲದೆ. ಮೊದಲು ಇದಕ್ಕೆ ಸಿಟ್ಟಾಗುತ್ತಿದ್ದೆ. ಈಗ ಇನ್ನೂ ಹತ್ತಿರ ಹೋಗಿ ನಿಲ್ಲುತ್ತೇನೆ.

2023ರಲ್ಲಿ ಮತ್ತೆ ಮಾಲೆ ಹಾಕಿಕೊಂಡೆ. ಇರುಮುಡಿ ಕಟ್ಟುವ ದಿನ ಕಾಯಿಯ ಒಂದು ಕಣ್ಣು ಚುಚ್ಚಿ ನೀರು ಬಸಿದೆ. ಕಾಯಿಯೆಂದರೆ ನನಗೆ ಹೊಟ್ಟೆಪಾಡು. ಅಟ್ಟದ ಮೇಲೆ ತಿಂಗಳುಗಟ್ಟಲೆ ಕುಳಿತು, ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಒಳಗೇ ಗಡಗಡ ಎನ್ನುವವರೆಗೆ ಕಾಯುವುದು ನಮ್ಮ ಕಡೆಯ ಕೊಬ್ಬರಿ. ಇದು ಹಾಗಲ್ಲ, ನೀರು ತೆಗೆದ ಗಳಿಗೆಯಲ್ಲೇ ತುಪ್ಪ ಹೊಯ್ಯಬೇಕು, ಬಿರಡೆ ಬಿಗಿಯಬೇಕು. ತುಪ್ಪ ಹೊಯ್ಯುವಾಗ ಕೈ ನಡುಗಲಿಲ್ಲ. ಒಂದು ತೊಟ್ಟೂ ಚೆಲ್ಲಲಿಲ್ಲ. ಹದಿನೈದು ವರ್ಷದ ಮಗಳು ಬಂದು ಇರುಮುಡಿಗೆ ಮೂರು ಹಿಡಿ ಅಕ್ಕಿ ಹಾಕಿದಳು, ನನ್ನ ಕೈಯನ್ನೇ ನೋಡುತ್ತ.

ಪಂಪೆಯಲ್ಲಿ ಮಿಂದು ನೀಲಿಮಲೆ ಹತ್ತಿದೆವು. ಅಪ್ಪಾಚಿಮೇಡಿನಲ್ಲಿ ಮೊಣಕಾಲು ನೆನಪಾಯಿತು, ಸರದಿಯಲ್ಲಿ ವಯಸ್ಸು ನೆನಪಾಯಿತು. ಹದಿನೆಂಟು ಮೆಟ್ಟಿಲ ಮೇಲೆ ಪೊಲೀಸರ ಕೈ ನನ್ನನ್ನು ಎತ್ತಿ ಮುಂದೆ ದಾಟಿಸಿತು. ಮೇಲೆ ಎದುರಿಗೇ 'ತತ್ತ್ವಮಸಿ' ಎಂಬ ಬರಹ. ಬೆಂಗಳೂರಿನ ಸಭೆಯಲ್ಲಿ ಎದ್ದು ನಿಂತು "ನಾನು ಕುಡುಕ" ಎನ್ನುತ್ತೇನೆ, ಇಲ್ಲಿ "ಅದು ನೀನೇ" ಎನ್ನುತ್ತಾರೆ. ಎರಡನ್ನೂ ಒಂದೇ ತಲೆಯ ಮೇಲೆ, ಇರುಮುಡಿಯ ಎರಡು ಗಂಟುಗಳ ಹಾಗೆ, ಹೊತ್ತು ನಿಂತೆ. ದರ್ಶನ ಸಿಕ್ಕಿದ್ದು ಎರಡು ಸೆಕೆಂಡು. ಬೇಡಿಕೊಳ್ಳಲು ಏನೂ ತೋಚಲಿಲ್ಲ. ಕಾಯಿ ಒಡೆದು ತುಪ್ಪ ಅಭಿಷೇಕಕ್ಕೆ ಕೊಟ್ಟು, ಹೋಳನ್ನು ಕೆಳಗಿನ ಅಗ್ನಿಕುಂಡಕ್ಕೆ ಎಸೆದೆ. ಚಟಚಟ ಉರಿಯಿತು.

ಊರಿಗೆ ಬಂದು ಅಮ್ಮನ ಕೈಯಿಂದ ಮಾಲೆ ತೆಗೆಸಿಕೊಂಡೆ. ಅವಳಿಗೆ ಈಗ ಕಣ್ಣು ಮಂದ. ಕೊಂಡಿ ಹುಡುಕುತ್ತ ಬಹಳ ಹೊತ್ತು ನನ್ನ ಕೊರಳು ತಡವಿದಳು. ಮಗಳು ಬಾಗಿಲಿಗೆ ಒರಗಿ ನಿಂತಿದ್ದಳು, ಏನೂ ಕೇಳಲಿಲ್ಲ. ಸಂಜೆ ಆರಾಯಿತು. ಆರೂಕಾಲು. ಚಪ್ಪಲಿ ಹೊರಗಿತ್ತು. ನಾನು ಜಗುಲಿಯಲ್ಲಿ ಕುಳಿತೆ, ಮಗಳು ಪುಸ್ತಕ ತಂದು ಪಕ್ಕದಲ್ಲಿ ಕುಳಿತಳು. ಪುಟ ಮಗುಚುವ ಸದ್ದು ಬಹಳ ಹೊತ್ತು ಕೇಳಿಸಲಿಲ್ಲ.

ಆರೂವರೆಗೆ ಮೊಬೈಲ್ ಬಡಿಯಿತು. ಗುರುಸ್ವಾಮಿಗಳು.

"ಸ್ವಾಮಿ," ಎಂದರು, "ಕಾಫಿ ಆಯಿತೇ?"