ಕ್ಯಾತನಮಕ್ಕಿಯಿಂದ ಇಳಿದ ಮೇಲೆ ಬಾನೆಟ್ಟು ಮುಚ್ಚಲಿಲ್ಲ

ಕ್ಯಾತನಮಕ್ಕಿಯ ನೆತ್ತಿ ತಲುಪುವವರೆಗೆ ಜೀಪಿಗೆ ಏನೂ ಆಗಿರಲಿಲ್ಲ ಎಂದೇ ನನ್ನ ವಾದ. ಭಾವ ಒಪ್ಪುವುದಿಲ್ಲ. ಹತ್ತುವಾಗಲೇ ಅಡಿಯಲ್ಲಿ ಟಣ್ ಎಂದಿತ್ತು, ನೀನು ಮಂಜು ನೋಡುತ್ತ ಕೂತಿದ್ದೆ ಎನ್ನುತ್ತಾರೆ.

ಹೊರನಾಡಿನಿಂದ ಆ ಗುಡ್ಡಕ್ಕೆ ಹೋಗುವಾಗ ಕೊನೆಯಲ್ಲಿ ದಾರಿ ಮುಗಿದು, ಮಳೆನೀರು ತೋಡಿಟ್ಟ ಕೊರಕಲು ಶುರುವಾಗುತ್ತದೆ. ಮುಂದಿನ ಎಡಚಕ್ರ ಬಂಡೆ ಹತ್ತಿದರೆ ಹಿಂದಿನ ಬಲಚಕ್ರ ಗುಂಡಿಗೆ ಇಳಿದಿರುತ್ತದೆ. ನಡುವೆ ಚಾಸಿಸ್, ಅಂದರೆ ಇಡೀ ಜೀಪನ್ನು ಹೊತ್ತ ಉಕ್ಕಿನ ಚೌಕಟ್ಟು, ಒದ್ದೆ ಪಂಚೆ ಹಿಂಡಿದಂತೆ ತಿರುಚಿಕೊಳ್ಳುತ್ತದೆ. ತಿರುಚಿಕೊಳ್ಳಲಿ ಎಂದೇ ಅದನ್ನು 'ಸಿ' ಆಕಾರದ ಪಟ್ಟಿಯಲ್ಲಿ ಮಾಡಿರುತ್ತಾರೆ. ನಾನು ಅದನ್ನು ಮರೆತಿದ್ದೆ.

ಹೊರನಾಡಿಗೆ ಮರಳಿ, ರೇಡಿಯೇಟರಿಗೆ ನೀರು ಹಾಕಿ ಬಾನೆಟ್ಟು ಇಳಿಸಿದರೆ ಕೊಕ್ಕೆ ಕೂರಲೊಲ್ಲದು. ಅರ್ಧ ಬೆರಳು ಆಚೆ. ಭಾವ ಟಾರ್ಚು ಹಿಡಿದು ಅಡಿಗೆ ನುಸುಳಿದರು. ಮುಂದಿನ ಸ್ಪ್ರಿಂಗನ್ನು ಚಾಸಿಸ್‌ಗೆ ಹಿಡಿದಿಡುವ ಹಿಂಬದಿ ಹ್ಯಾಂಗರ್ ಇದೆಯಲ್ಲ, ಅದರ ಪಕ್ಕದಲ್ಲಿ ಬಲಬದಿಯ ಪಟ್ಟಿ ಕೆಳಂಚಿನಿಂದ ಮೇಲಕ್ಕೆ ಮುಕ್ಕಾಲು ಪಾಲು ಸೀಳಿತ್ತು. ಅಲ್ಲಿ ಚಾಸಿಸ್ ಕುಸಿದದ್ದಕ್ಕೇ ಬಾನೆಟ್ಟು ಕೂರುತ್ತಿರಲಿಲ್ಲ. ಸೀಳಿನ ಎರಡೂ ಬದಿಗೆ ಅಡಿಕೆ ಚೊಗರಿನ ಬಣ್ಣದ ತುಕ್ಕು. ಅಂದರೆ ಇದು ಇವತ್ತು ಹುಟ್ಟಿದ ಬಿರುಕಲ್ಲ. ನನ್ನ ವಾದ ಅಲ್ಲಿಗೇ ಅರ್ಧ ಸತ್ತಿತು.

ಕಳಸಕ್ಕೆ ಎಂಟು ಕಿಲೋಮೀಟರ್. ಒಂದನೇ ಗೇರಿನಲ್ಲಿ, ಪ್ರತಿ ಹೊಂಡಕ್ಕೂ ಉಸಿರು ಬಿಗಿಹಿಡಿದು ಸಾಗಿದೆವು. ಮಳೆಗಾಲದಲ್ಲಿ ಭದ್ರೆ ಮುಳುಗಿಸುವ ಹೆಬ್ಬಾಳೆ ಸೇತುವೆಗೆ ಆಗಿನ ಕಸ ಇನ್ನೂ ಸುತ್ತಿಕೊಂಡಿತ್ತು. ಅಕ್ಟೋಬರಿನ ಹೊಳೆ ತಣ್ಣಗೆ ಕೆಳಗೆ ಹರಿಯುತ್ತಿತ್ತು.

ಭಾವನಿಗೆ ಗೊತ್ತಿದ್ದ ವೆಲ್ಡರ್ ಕುದುರೆಮುಖದಲ್ಲಿ ಬೆಳೆದವರು. ಅಪ್ಪನಿಗೆ ಅಲ್ಲಿನ ಅದಿರು ಗಣಿಯಲ್ಲಿ ಕೆಲಸ. 2005ರ ಕೊನೆಗೆ ಗಣಿ ನಿಂತ ಮೇಲೆ ಮನೆಮಂದಿ ಕಳಸಕ್ಕೆ ಬಂದರಂತೆ. ಜೀಪಿನಡಿ ಮಲಗಿದ ಅವರು ಮೊದಲು ಕೇಳಿದ್ದು ಬಿರುಕಿನ ವಿಚಾರವನ್ನಲ್ಲ.

"ಈ ಚೌಕದ ಪ್ಲೇಟು ಹಾಕಿದ್ದು ಯಾರು ಮಾರಾಯರೇ?"

ಎರಡು ವರ್ಷದ ಹಿಂದೆ ಪೇಟೆಯ ಗ್ಯಾರೇಜೊಂದರಲ್ಲಿ 'ಇರಲಿ, ಗಟ್ಟಿಯಾಗಲಿ' ಎಂದು ನಾನೇ ಹಾಕಿಸಿದ್ದೆ. ದಪ್ಪ ಪ್ಲೇಟು, ನೇರ ನಿಂತ ವೆಲ್ಡಿಂಗ್ ಗೆರೆ. ಬಿರುಕು ಆ ಗೆರೆಯ ಪಕ್ಕದಲ್ಲೇ, ಅಡಿಪಟ್ಟಿ ಇಟ್ಟು ಎಳೆದಂತೆ ಎದ್ದಿತ್ತು. ಪ್ಲೇಟಿದ್ದಷ್ಟು ಜಾಗ ಮಣಿಯದು, ಅದರಾಚೆಗಿನದು ಮಣಿಯುತ್ತದೆ, ಎಲ್ಲ ಎಳೆತವೂ ಆ ಒಂದು ಗೆರೆಗೇ ಬೀಳುತ್ತದೆ. ಎರಡು ವರ್ಷ ಆ ಪ್ಲೇಟನ್ನು ಕಂಡವರಿಗೆಲ್ಲ ತೋರಿಸಿ ಮೆರೆದವನು ನಾನು. ಗ್ರೈಂಡರಿನಲ್ಲಿ ಅದನ್ನು ಕತ್ತರಿಸಿ ಕೆಡವುವಾಗ ಭಾವ ನನ್ನ ಮುಖವನ್ನೇ ನೋಡುತ್ತಿದ್ದರು.

ಬಿರುಕಿನ ನಿಜವಾದ ತುದಿ ಕಣ್ಣಿಗೆ ಕಾಣುವುದಿಲ್ಲ. ಬಣ್ಣ, ತುಕ್ಕು ಕೆರೆದು ಡೀಸೆಲ್ ಸವರಿ, ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉಜ್ಜಿದರು. ಸೀಮೆಎಣ್ಣೆಯೇ ಒಳ್ಳೆಯದಂತೆ, ಆದರೆ ಸೀಮೆಸುಣ್ಣ ಸಿಕ್ಕಷ್ಟು ಸುಲಭಕ್ಕೆ ಸೀಮೆಎಣ್ಣೆ ಈಗೆಲ್ಲಿ? ಐದು ನಿಮಿಷದಲ್ಲಿ ಒಳಗಿಳಿದಿದ್ದ ಎಣ್ಣೆ ಜಿನುಗಿ, ಬಿಳಿ ಪುಡಿಯ ಮೇಲೆ ಸಣ್ಣ ಕಪ್ಪು ಎಳೆ ಮೂಡಿತು. ನಾವು ತುದಿ ಎಂದುಕೊಂಡಿದ್ದ ಜಾಗದಿಂದ ಅದು ಇನ್ನೂ ಅರ್ಧ ಇಂಚು ಮೇಲೆ ಹೋಗಿತ್ತು. ಅಲ್ಲಿಗೆ ಆರು ಮಿಲಿಮೀಟರಿನ ತೂತು ಕೊರೆದರು. ಬಾಳೆಎಲೆಯ ಸೀಳು ಚೂಪು ತುದಿಯಿಂದಲೇ ಮುಂದಕ್ಕೆ ಓಡುವುದು, ಗುಂಡಗೆ ಮಾಡಿದರೆ ಅದಕ್ಕೆ ಹಿಡಿತ ತಪ್ಪುತ್ತದೆ ಎಂದರು.

ಬ್ಯಾಟರಿಯ ಎರಡೂ ತಂತಿ ಬಿಚ್ಚಿ, ಬಿರುಕಿನಡಿ ಜಾಕ್ ಕೊಟ್ಟು ಕೂದಲೆಳೆಯಷ್ಟೇ ಎತ್ತುತ್ತ ಹೋದರು. ಭಾವ ಬಾನೆಟ್ಟಿನ ಹತ್ತಿರ ನಿಂತು ಕೊಕ್ಕೆ ಹಾಕಿ ತೆಗೆದು ನೋಡುತ್ತಿದ್ದರು. ಟಕ್ ಎಂದು ಕೂತ ಗಳಿಗೆಗೆ ಜಾಕ್ ನಿಂತಿತು. ಆಮೇಲೆ ಮೂಲೆಯಿಂದ ಮೂಲೆಗೆ ದಾರ ಹಿಡಿದು ಅಳೆದದ್ದು ನನ್ನ ಸಮಾಧಾನಕ್ಕೆ.

ಇನ್ನೇನು ವೆಲ್ಡಿಂಗ್ ಎನ್ನುವಾಗ ಕರೆಂಟು ಹೋಯಿತು. ಬಂದದ್ದು ಮರುದಿನ ಬೆಳಿಗ್ಗೆ ಹತ್ತಕ್ಕೆ. ಅದರ ಬಗ್ಗೆ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ವೆಲ್ಡಿಂಗ್ ಕಡ್ಡಿಗಳಿಗೆ ಥಂಡಿ ಹಿಡಿಯಬಾರದೆಂದು ಅವರು ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ, ಒಣಕೊಬ್ಬರಿಯ ಪಕ್ಕದಲ್ಲಿ ಇಟ್ಟಿದ್ದರು.

ಬಿರುಕನ್ನು 'ವಿ' ಆಕಾರಕ್ಕೆ ಕೊರೆದು, ಒಂದೊಂದೇ ಇಂಚು ತುಂಬಿ, ಆರಲು ಬಿಟ್ಟು, ಮತ್ತೆ ತುಂಬಿದರು. ಬೇಗ ಆರಲೆಂದು ಭಾವ ಕೊಡದಲ್ಲಿ ನೀರು ತಂದಾಗ ಬೈಗುಳ ಸಿಕ್ಕಿತು: "ಇದೇನು ದೋಸೆ ಕಾವಲಿಯೇ? ನೀರು ಬಿದ್ದರೆ ಪೆಡಸಾಗಿ ಮತ್ತೆ ಸಿಡಿಯುತ್ತದೆ." ಕೆಳಂಚಿನ ವೆಲ್ಡನ್ನು ಉದ್ದುದ್ದಕ್ಕೆ ಉಜ್ಜಿ ನುಣುಪು ಮಾಡಿದರು. ಕೊನೆಗೆ ಬಂತು ಹೊಸ ಪ್ಲೇಟು: ಚಾಸಿಸ್‌ನಷ್ಟೇ ದಪ್ಪ, ಗೋಡಂಬಿ ಬರ್ಫಿಯ ಆಕಾರ, ಉದ್ದಕ್ಕೆ ಎಳೆದದ್ದು. ಎಲ್ಲ ಗೆರೆಗಳೂ ಓರೆ. ಮೇಲಂಚು ಕೆಳಂಚುಗಳ ತಂಟೆಗೆ ಅದು ಹೋಗಲಿಲ್ಲ. ಕಪ್ಪು ಬಣ್ಣದ ಡಬ್ಬಿ ಎತ್ತಿಕೊಟ್ಟೆ. ಅವರು ತೆಳುವಾಗಿ ಬಿಳಿ ಬಳಿದರು. ಹೊಸ ಬಿರುಕು ಬಂದರೆ ಬಿಳಿಯ ಮೇಲೆ ಕಾಣುತ್ತದೆ, ಕಪ್ಪು ಬಳಿದರೆ ಕಾಣುವುದು ಪ್ಲೇಟಿನ ಚಂದ ಮಾತ್ರ.

ಮೂರನೇ ದಿನ ಸಂಸೆಯ ಮೇಲೆ ಕುದುರೆಮುಖದ ದಾರಿ ಹಿಡಿದೆವು. ಅರಣ್ಯ ಇಲಾಖೆಯ ಗೇಟಿನಲ್ಲಿ ಗಾರ್ಡ್ ಚೀಟಿ ಬರೆಯುವಷ್ಟರಲ್ಲಿ ನಾನು ಟಾರ್ಚು ಹಿಡಿದು ಜೀಪಿನಡಿ ಮಲಗಿದ್ದೆ. ಬಿಳಿ ಬಿಳಿಯಾಗೇ ಇತ್ತು. ಗಾರ್ಡ್ ತಾನೂ ಬಗ್ಗಿ ನೋಡಿ, ಏನೂ ಕಾಣದೆ, ಚೀಟಿಯನ್ನು ಭಾವನ ಕೈಗಿತ್ತ.

"ಸಮಯದೊಳಗೆ ಆಚೆ ಗೇಟು ದಾಟಬೇಕು. ನಡುವೆ ಎಲ್ಲೂ ನಿಲ್ಲಬಾರದು."

"ಅದನ್ನು ಇವನಿಗೆ ಹೇಳಿ," ಎಂದರು ಭಾವ, ನನ್ನ ಕಾಲು ತೋರಿಸಿ.