ಕಂದಾಯ ಕಟ್ಟಿದರೂ ನಮ್ಮ ಬೀದಿಗೆ ಚರಂಡಿ ಯಾಕಿಲ್ಲ?

ಪುರಸಭೆಯ ಲೆಕ್ಕಪತ್ರ ಓದುವ ಅಭ್ಯಾಸ ನನಗಿದೆ ಎಂದು ಊರಲ್ಲಿ ಗೊತ್ತಾದ ಮೇಲೆ ಹೋದಲ್ಲೆಲ್ಲ ಒಂದೇ ಪ್ರಶ್ನೆ. ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದವರು ಕೇಳುತ್ತಾರೆ, ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಕೇಳುತ್ತಾರೆ: "ವರ್ಷಾ ವರ್ಷಾ ಕಂದಾಯ ಕಟ್ತೀವಿ. ಇಷ್ಟು ಕೋಟಿ ಬಜೆಟ್, ಇಷ್ಟು ಲಕ್ಷ ಉಳಿತಾಯ ಅಂತ ಪೇಪರ್‌ನಲ್ಲಿ ಬರುತ್ತೆ. ನಮ್ಮ ಬೀದಿಗೊಂದು ಚರಂಡಿ ಮಾಡೋಕೆ ಇವರಿಗೆ ದುಡ್ಡಿಲ್ವಾ?"

ನನ್ನ ಉತ್ತರ ಕೇಳಿದವರು ಮೊದಲು ಸ್ವಲ್ಪ ಗೊಂದಲಕ್ಕೆ ಬೀಳುತ್ತಾರೆ. ನಿಮ್ಮ ಚರಂಡಿ ಕೈತಪ್ಪಿದ್ದು ಈ ವರ್ಷದ ಬಜೆಟ್ ಸಭೆಯಲ್ಲಿ ಅಲ್ಲ. ನಿಮ್ಮ ಬಡಾವಣೆ ಇನ್ನೂ ತೆಂಗಿನ ತೋಟವೋ ರಾಗಿ ಹೊಲವೋ ಆಗಿದ್ದಾಗ, ಆ ಜಮೀನು ಕೃಷಿ ವಲಯದಿಂದ ವಸತಿ ವಲಯಕ್ಕೆ ದಾಟಿದ ದಿನವೇ ಅದು ತಪ್ಪಿತು. ಪುರಸಭೆಯ ಮುಂದಿನ ಇಪ್ಪತ್ತು, ಮೂವತ್ತು ವರ್ಷಗಳ ಖರ್ಚು ಅಲ್ಲಿ ನಿಗದಿಯಾಯಿತು. ಆ ಹೊತ್ತಿಗೆ ಊರಿನವರು ಯಾರೂ ಅಲ್ಲಿರಲಿಲ್ಲ.

ಮೊದಲು ದುಡ್ಡಿನ ಮಾತು. ನಿಮ್ಮ ಆಸ್ತಿ ತೆರಿಗೆಯ ಚಲನ್ ತೆಗೆದು ನೋಡಿ. ತೆರಿಗೆಯ ಕೆಳಗೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3 ಎಂದಿರುತ್ತದೆ. ತೆರಿಗೆ ಸಾವಿರ ರೂಪಾಯಿ ಇದ್ದರೆ ಇವು ಮೂರೇ 240 ರೂಪಾಯಿ. ಇದನ್ನು ಪುರಸಭೆ ವಸೂಲಿ ಮಾಡಿ ಆಯಾ ಬಾಬ್ತಿಗೆ ದಾಟಿಸಬೇಕು. ಚರಂಡಿಗೆ ಬಳಸುವಂತಿಲ್ಲ. ಉಳಿದ ಸ್ವಂತ ಆದಾಯ ಎಂದರೆ ನೀರಿನ ಕರ, ಮಳಿಗೆ ಬಾಡಿಗೆ, ಉದ್ದಿಮೆ ಪರವಾನಗಿ, ಕಟ್ಟಡ ಪರವಾನಗಿ, ಸಂತೆ ಸುಂಕದ ಹರಾಜು. ಮಳಿಗೆ ಬಾಡಿಗೆ ಎಷ್ಟು ಬಾಕಿ ಇದೆ ಎಂದು ಯಾವ ಪುರಸಭೆಯಲ್ಲಿ ಕೇಳಿದರೂ ಸಭೆ ಬಿಸಿಯಾಗುತ್ತದೆ.

ಈ ಸ್ವಂತ ಆದಾಯದಲ್ಲೂ ಶೇ 24.10 ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ 7.25 ಇತರ ಬಡವರ್ಗಕ್ಕೆ, ಶೇ 5 ಅಂಗವಿಕಲರಿಗೆ ಮೀಸಲು. ಇದು ಸರಿಯಾದದ್ದೇ. ಊರಿನ ಹಳೆಯ ಬಜೆಟ್‌ಗಳಲ್ಲಿ ಯಾವ ಕೇರಿಗೆ ನೀರು, ದೀಪ ಮುಟ್ಟಿರಲಿಲ್ಲ ಎಂಬುದು ನಮಗೆಲ್ಲ ಗೊತ್ತು. ಆ ಹಣ ನಿಜಕ್ಕೂ ಅಲ್ಲಿಗೇ ತಲುಪಿತೇ ಎಂದು ಕೇಳಬೇಕೇ ಹೊರತು ಮೀಸಲಿಟ್ಟದ್ದಕ್ಕೆ ಗೊಣಗುವುದು ತಪ್ಪು.

ಇನ್ನು ಮೇಲಿನಿಂದ ಬರುವ ದುಡ್ಡು. ರಾಜ್ಯ ಹಣಕಾಸು ಆಯೋಗದ ಅನುದಾನದ ದೊಡ್ಡ ಪಾಲು ಸಂಬಳಕ್ಕೆ, ಬೀದಿದೀಪ ಮತ್ತು ನೀರೆತ್ತುವ ಮೋಟಾರಿನ ಕರೆಂಟ್ ಬಿಲ್ಲಿಗೆ ಹೋಗುತ್ತದೆ. ಕೇಂದ್ರದ 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ನಮ್ಮಂಥ ಸಣ್ಣ ಊರುಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60ಕ್ಕೆ ಮೊದಲೇ ಷರತ್ತು ಹಾಕಿತ್ತು: ಅರ್ಧ ಕುಡಿಯುವ ನೀರು, ಮಳೆನೀರು ಕೊಯ್ಲಿಗೆ, ಇನ್ನರ್ಧ ನೈರ್ಮಲ್ಯ ಮತ್ತು ಕಸ ವಿಲೇವಾರಿಗೆ. ಉಳಿದ ಶೇ 40ರಲ್ಲೇ ಊರಿನ ಇತರ ಎಲ್ಲ ಆಸೆಗಳೂ ಪಾಲು ಕೇಳುತ್ತಿದ್ದವು.

ಇಷ್ಟು ಕಳೆದು ಕೈಯಲ್ಲಿ ಉಳಿಯುವ ಹಣವನ್ನು ಹಂಚುವ ರೀತಿ ನನ್ನನ್ನು ಬಹಳ ಕಾಡುತ್ತದೆ. ಒಂದು ಪುರಸಭೆಯಲ್ಲಿ 23 ವಾರ್ಡ್ ಇದ್ದರೆ ಹಣ 23 ಪಾಲಾಗುತ್ತದೆ. ಪ್ರತಿ ಸದಸ್ಯರಿಗೂ ತಮ್ಮ ವಾರ್ಡಿನಲ್ಲಿ ತೋರಿಸಲು ಒಂದು ಕಾಮಗಾರಿ ಬೇಕು, ಅದು ಸಹಜ. ಆದರೆ ಮಳೆನೀರಿಗೆ ವಾರ್ಡಿನ ಗಡಿ ಗೊತ್ತಿಲ್ಲ. ಹೀಗಾಗಿ ಎಲ್ಲೋ ಶುರುವಾಗಿ ನಡುಬೀದಿಯಲ್ಲೇ ನಿಂತುಹೋಗುವ ಕಾಂಕ್ರೀಟ್ ಚರಂಡಿಗಳು ಊರ ತುಂಬ ಹುಟ್ಟಿವೆ. ಅವುಗಳ ಕೊನೆಯಲ್ಲಿ ಕಪ್ಪು ನೀರು ಮಡುಗಟ್ಟಿ, ಪಕ್ಕದ ಮನೆಯವರು ಸಂಜೆಯಾದರೆ ಕಿಟಕಿ ತೆಗೆಯಲಾರರು. ಚರಂಡಿ ಇಲ್ಲದ ಬೀದಿಗಿಂತ ಅರ್ಧ ಚರಂಡಿಯ ಬೀದಿ ಕಷ್ಟ.

"ಉಳಿತಾಯ ಬಜೆಟ್" ಎಂಬ ತಲೆಬರಹಕ್ಕೆ ಹೆಚ್ಚು ಬೆಲೆ ಕೊಡಬೇಡಿ. ಬರಬಹುದು ಎಂದುಕೊಂಡ ಅನುದಾನವನ್ನೂ ಆದಾಯದಲ್ಲಿ ಬರೆದುಕೊಂಡರೆ ಯಾವ ಬಜೆಟ್ಟೂ ಉಳಿತಾಯವೇ. ಬಜೆಟ್ ಪುಸ್ತಕದಲ್ಲಿ ಹಿಂದಿನ ವರ್ಷದ ವಾಸ್ತವ ಆದಾಯ, ಖರ್ಚಿನ ಕಲಂ ಇರುತ್ತದೆ. ಅದನ್ನು ಆ ವರ್ಷದ ಅಂದಾಜಿನ ಪಕ್ಕ ಇಟ್ಟು ನೋಡಿದರೆ ಊರಿನ ನಿಜ ಸ್ಥಿತಿ ಒಂದೇ ಪುಟದಲ್ಲಿ ಗೊತ್ತಾಗುತ್ತದೆ. ಸಭೆಯೇ ಇಲ್ಲದ ಕಾಲವೂ ಇತ್ತು. 2018ರ ಆಗಸ್ಟ್‌ನಲ್ಲಿ ಚುನಾವಣೆ ನಡೆದ ಹಲವು ಊರುಗಳಲ್ಲಿ ಅಧ್ಯಕ್ಷ ಸ್ಥಾನದ ಮೀಸಲಾತಿ ವ್ಯಾಜ್ಯದಿಂದಾಗಿ 2020ರ ಕೊನೆಯವರೆಗೆ ಅಧ್ಯಕ್ಷರ ಆಯ್ಕೆಯೇ ಆಗಲಿಲ್ಲ. ಗೆದ್ದ ಸದಸ್ಯರು ಮನೆಯಲ್ಲಿದ್ದರು, ಬಜೆಟ್ಟನ್ನು ಆಡಳಿತಾಧಿಕಾರಿಗಳು ಮಂಡಿಸಿದರು.

ಈಗ ಜಮೀನಿನ ವಿಷಯಕ್ಕೆ ಬರುತ್ತೇನೆ. ಬಹುಪಾಲು ಜನ ಬಿಟ್ಟುಬಿಡುವ ಭಾಗ ಇದೇ.

ಸಾಗರ, ಶಿರಸಿ, ತಿಪಟೂರಿನಂಥ ಊರುಗಳಿಗೆ ಮಾಸ್ಟರ್ ಪ್ಲ್ಯಾನ್ ಎಂಬ ನಕ್ಷೆ ಇರುತ್ತದೆ. ಹಳದಿ ಬಣ್ಣ ವಸತಿ, ನೀಲಿ ವಾಣಿಜ್ಯ, ಹಸಿರು ಉದ್ಯಾನ ಮತ್ತು ಬಯಲು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಇದನ್ನು ಮಾಡುವುದು ಸರ್ಕಾರ ರಚಿಸುವ ಯೋಜನಾ ಪ್ರಾಧಿಕಾರ. ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. ಕರಡು ಪ್ರಕಟವಾದ ಮೇಲೆ ಸಾರ್ವಜನಿಕರಿಗೆ ಅಭಿಪ್ರಾಯ ಹೇಳಲು 60 ದಿನ ಇರುತ್ತದೆ. ನಡುವೆ ಯಾರಿಗಾದರೂ ತಮ್ಮ ಜಮೀನಿನ ಬಣ್ಣ ಬದಲಾಗಬೇಕಿದ್ದರೆ ಕಾಯ್ದೆಯ 14-ಎ ಕಲಂ ಇದೆ. ಆ ಬದಲಾವಣೆ ಸಾರ್ವಜನಿಕ ಹಿತಕ್ಕೆ ಇರಬೇಕು, ಆ ಭಾಗದಲ್ಲಿ ಓದುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯಬೇಕು, ಸರ್ಕಾರದ ಪೂರ್ವಾನುಮತಿ ಬೇಕು. ಕೃಷಿ ಜಮೀನನ್ನು ಬೇರೆ ಬಳಕೆಗೆ ಬಿಡಲು ಜಿಲ್ಲಾಧಿಕಾರಿಯಿಂದ ಆಗುವ ಭೂಪರಿವರ್ತನೆ, ಅಂದರೆ ಕನ್ವರ್ಷನ್, ಬೇರೆ; ಅದು 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ. "ಕನ್ವರ್ಷನ್ ಆಗಿದೆ" ಎಂಬ ಒಂದೇ ಮಾತು ನಂಬಿ ನಿವೇಶನ ಕೊಂಡವರು ಎಷ್ಟೋ ಮಂದಿ.

ಆ ಪತ್ರಿಕಾ ಪ್ರಕಟಣೆಯನ್ನು ನೀವು ನೋಡಿರುತ್ತೀರಿ, ಓದಿರಲಾರಿರಿ. ಒಳಪುಟದ ಮೂಲೆಯಲ್ಲಿ, ನಿಧನವಾರ್ತೆ ಮತ್ತು ಕಳೆದುಹೋದ ಅಂಕಪಟ್ಟಿಯ ಜಾಹೀರಾತಿನ ನಡುವೆ, ಸಣ್ಣ ಅಕ್ಷರದಲ್ಲಿ ಇರುತ್ತದೆ. ಇಂಥ ಹೋಬಳಿ, ಇಂಥ ಗ್ರಾಮದ ಸರ್ವೆ ನಂಬರು, ಇಷ್ಟು ಎಕರೆ ಇಷ್ಟು ಗುಂಟೆ, ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಹಳ್ಳ, ಕೃಷಿ ವಲಯದಿಂದ ವಸತಿ ವಲಯಕ್ಕೆ ಬದಲಾಯಿಸಲು ಕೋರಿದ್ದು, ಆಕ್ಷೇಪಣೆ ಇದ್ದಲ್ಲಿ ಸಾಮಾನ್ಯವಾಗಿ 15 ದಿನದೊಳಗೆ ಲಿಖಿತವಾಗಿ ಸಲ್ಲಿಸುವುದು. ನಾನು ಪ್ರತಿ ಬಾರಿಯೂ ಚಕ್ಕುಬಂದಿಯನ್ನೇ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರವನ್ನೇ, ಮೊದಲು ಓದುತ್ತೇನೆ. ಎಲ್ಲಾದರೂ ಒಂದು ದಿಕ್ಕಿಗೆ ಹಳ್ಳ, ಕೆರೆ, ಕಾಲುವೆ ಎಂದಿದ್ದರೆ ಮುಂದಿನ ಮಳೆಗಾಲಗಳ ಕಥೆ ಅಲ್ಲಿಯೇ ಇದೆ.

ನಾಲ್ಕು ಎಕರೆಯ ಲೆಕ್ಕ ಹಾಕಿ ನೋಡಿ. ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರಡಿ, ಒಟ್ಟು 1,74,240 ಚದರಡಿ. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗ ಕಳೆದು ಅರ್ಧಕ್ಕಿಂತ ತುಸು ಹೆಚ್ಚು ನಿವೇಶನಕ್ಕೆ ಸಿಕ್ಕಿತು ಎಂದರೂ 30×40 ಅಳತೆಯ ಸುಮಾರು 80 ನಿವೇಶನ. ಮನೆಗೆ ನಾಲ್ಕು ಜನರಂತೆ 320 ಜನ. ಒಳಚರಂಡಿ ಇರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರ್ ನೀರು ಎಂಬುದು ಮಾನದಂಡ. ಅಂದರೆ ದಿನಕ್ಕೆ 43,200 ಲೀಟರ್ ನೀರನ್ನು ಪುರಸಭೆ ಎಲ್ಲಿಂದಲೋ ತರಬೇಕು. ಅದರಲ್ಲಿ ಶೇ 80 ಕೊಳಚೆಯಾಗಿ ಹೊರಬರುತ್ತದೆ, ಹತ್ತಿರ ಹತ್ತಿರ 34,500 ಲೀಟರ್. ಇದು ಒಂದು ಬಡಾವಣೆಯದು. ಊರಿನ ನಾಲ್ಕೂ ದಿಕ್ಕಿಗೆ, ಬೈಪಾಸ್ ಹಾದುಹೋದ ಕಡೆಯೆಲ್ಲ ಇಂಥವು ಎದ್ದಿವೆ. ಆ ನೀರೆಲ್ಲ ತಗ್ಗು ಹುಡುಕಿಕೊಂಡು ಕೆರೆಗೇ ಹೋಗುತ್ತದೆ. ಕೆರೆ ಕಪ್ಪಾದ ಮೇಲೆ ಅದರ ಪುನಶ್ಚೇತನಕ್ಕೆ ಅನುದಾನ ಕೇಳುತ್ತೇವೆ.

ಭೂ ಉಪಯೋಗ ಬದಲಾವಣೆಯ ಶುಲ್ಕ ಹೋಗುವುದು ಯೋಜನಾ ಪ್ರಾಧಿಕಾರಕ್ಕೆ. ಬಡಾವಣೆ ಹಸ್ತಾಂತರವಾದ ಮೇಲೆ ನೀರು, ದೀಪ, ಕಸ, ಚರಂಡಿಯ ಜವಾಬ್ದಾರಿ ಪುರಸಭೆಗೆ. ಸಾಲ ಮಾಡಿದವರು ಒಬ್ಬರು, ಬಡ್ಡಿ ಕಟ್ಟುವವರು ಇನ್ನೊಬ್ಬರು. 1992ರ 74ನೇ ತಿದ್ದುಪಡಿ ಸಂವಿಧಾನಕ್ಕೆ ಸೇರಿಸಿದ 12ನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ ಹೇಳಿದ ವಿಷಯಗಳು 18. ಅವುಗಳಲ್ಲಿ ಮೊದಲನೆಯದು ನಗರ ಯೋಜನೆ, ಎರಡನೆಯದು ಭೂ ಬಳಕೆ ಮತ್ತು ಕಟ್ಟಡಗಳ ನಿಯಂತ್ರಣ. ಇಷ್ಟು ವರ್ಷವಾದರೂ ನಾವು ಓಟು ಹಾಕಿ ಆರಿಸಿದ ಸಭೆಗೆ ಆ ಎರಡು ವಿಷಯಗಳಲ್ಲಿ ಗಟ್ಟಿ ದನಿ ಇಲ್ಲ. ಸಣ್ಣ ಊರುಗಳ ಬಜೆಟ್ ಸೊರಗಲು ಇದು ಮುಖ್ಯ ಕಾರಣ ಎಂದು ನಾನು ನಂಬಿದ್ದೇನೆ. ಮೂರು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಿಗೆ ವಾರ್ಡ್ ಸಮಿತಿಯನ್ನೂ ಸಂವಿಧಾನ ಕಡ್ಡಾಯ ಮಾಡಿಲ್ಲ. ಪಟ್ಟಣ ಪಂಚಾಯಿತಿ, ಪುರಸಭೆಗಳಿರುವ ಯಾವ ಊರಿಗೂ, ವಾರ್ಡಿನ ಜನ ಕೂತು ಮಾತಾಡುವ ಅಂಥ ಜಾಗದ ಖಾತ್ರಿ ಇಲ್ಲ ಎಂದಾಯಿತು.

ಇದಿಷ್ಟು ಕಾನೂನು ಪ್ರಕಾರ ಆದ ಬಡಾವಣೆಯ ಮಾತು. ಅನುಮೋದನೆಯೇ ಇಲ್ಲದ ರೆವಿನ್ಯೂ ಬಡಾವಣೆಗಳಲ್ಲಿ ರಸ್ತೆ ಕಾಗದದ ಮೇಲೂ ಪುರಸಭೆಯದಲ್ಲ, ಉದ್ಯಾನಕ್ಕೆಂದು ಒಂದು ಅಡಿಯೂ ಬಿಟ್ಟಿರುವುದಿಲ್ಲ. ಅಲ್ಲಿ ಮನೆ ಕಟ್ಟಿದವರು ಶಾಲಾ ಶಿಕ್ಷಕರು, ಬಸ್ ಚಾಲಕರು, ಅಂಗಡಿಯವರು. ಕೈಗೆಟುಕಿದ್ದು ಅದೊಂದೇ. ಅವರನ್ನು ತಪ್ಪಿತಸ್ಥರಂತೆ ನೋಡುವುದನ್ನು ನಾನು ಒಪ್ಪುವುದಿಲ್ಲ. 2025ರಲ್ಲಿ ಸರ್ಕಾರ ಇಂಥ ಆಸ್ತಿಗಳಿಗೆ ಬಿ-ಖಾತಾ, ಅಂದರೆ ಅನುಮೋದನೆ ಇಲ್ಲದ ಆಸ್ತಿಯನ್ನು ತೆರಿಗೆ ಪಟ್ಟಿಗೆ ಸೇರಿಸುವ ದಾಖಲೆ, ಕೊಡುವ ಅಭಿಯಾನ ನಡೆಸಿತು. ತೆರಿಗೆಯ ಬಲೆಗೆ ಅವರು ಬಂದರು, ಒಳ್ಳೆಯದೇ. ಆದರೆ ಖಾತೆ ಸಿಕ್ಕ ಮಾತ್ರಕ್ಕೆ ಚರಂಡಿಗೆ ಜಾಗ ಹುಟ್ಟುವುದಿಲ್ಲ. ಇಪ್ಪತ್ತಡಿ ಬೀದಿಯಲ್ಲಿ ಎರಡೂ ಬದಿ ಮನೆಯ ಮೆಟ್ಟಿಲು ಇಳಿದಿರುವಾಗ ಎಂಜಿನಿಯರ್ ಬಂದು ಟೇಪು ಹಿಡಿದು ಸುಮ್ಮನೆ ನಿಲ್ಲುವುದನ್ನು ನೋಡಿದ್ದೇನೆ.

"ಆಕ್ಷೇಪಣೆ ಕೊಟ್ಟರೆ ಯಾರು ಕೇಳುತ್ತಾರೆ?" ಎಂಬುದು ಇದರ ಬೆನ್ನಿಗೇ ಬರುವ ಪ್ರಶ್ನೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಿಟ್ಟ ಜಾಗವನ್ನು ಆಸ್ಪತ್ರೆ ಕಟ್ಟಲು ಖಾಸಗಿ ಟ್ರಸ್ಟ್ ಒಂದಕ್ಕೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್, ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ಪ್ರಕರಣದಲ್ಲಿ, ಆ ಹಂಚಿಕೆ ನಿಲ್ಲುವುದಿಲ್ಲ ಎಂದಿತು. ಪಕ್ಕದಲ್ಲಿ ವಾಸಿಸುವವರಿಗೆ ಪ್ರಶ್ನಿಸುವ ಹಕ್ಕಿದೆ ಎಂಬುದನ್ನೂ ಒಪ್ಪಿತು. ಸಣ್ಣ ಊರಿನಲ್ಲಿ ಯಾರೂ ಅಲ್ಲಿಯವರೆಗೆ ಹೋಗಬೇಕಿಲ್ಲ. ಆದರೆ ಬರೆದುಕೊಟ್ಟ, ಸ್ವೀಕೃತಿ ಮೊಹರು ಬಿದ್ದ ಒಂದು ಹಾಳೆ ಕಡತದಲ್ಲಿದ್ದರೆ ಅದಕ್ಕೆ ಉತ್ತರ ಬರೆಯದೆ ಕಡತ ಮುಂದೆ ಕಳಿಸುವುದು ಅಧಿಕಾರಿಗಳಿಗೂ ಕಷ್ಟ. ಆ ಹಾಳೆಯಲ್ಲಿ ಸಿಟ್ಟು ಬೇಡ. ಗ್ರಾಮ ನಕ್ಷೆಯಲ್ಲಿ ಈ ಸರ್ವೆ ನಂಬರಿನ ಪಕ್ಕ ಹಳ್ಳ ಇದೆಯೇ, ಕುಡಿಯುವ ನೀರಿನ ಮೂಲ ಯಾವುದು, ಕೊಳಚೆ ನೀರು ಕೊನೆಗೆ ಎಲ್ಲಿಗೆ ಸೇರುತ್ತದೆ, ಇದನ್ನು ನಿಭಾಯಿಸಲು ಪುರಸಭೆ ಒಪ್ಪಿದೆಯೇ ಎಂದು ಕೇಳಿ.

ಈಗಾಗಲೇ ಮನೆ ಕಟ್ಟಿ ಕೂತವರಿಗೆ ನಾನು ಹೇಳುವುದು ಬೇರೆ. ನಿಮ್ಮ ಬಡಾವಣೆ ಅನುಮೋದಿತವಾಗಿದ್ದರೆ ಅನುಮೋದಿತ ನಕ್ಷೆಯ ಪ್ರತಿ ತೆಗೆಸಿ. ರಸ್ತೆ, ಉದ್ಯಾನ ಪುರಸಭೆಗೆ ಹಸ್ತಾಂತರವಾಗಿದೆಯೇ, ಚರಂಡಿ ಮುಗಿಸದೆಯೇ ಎಲ್ಲ ನಿವೇಶನ ಮಾರಾಟಕ್ಕೆ ಬಿಡುಗಡೆ ಮಾಡಿದರೇ ಎಂದು ಅದನ್ನು ಹಿಡಿದು ಕೇಳಿ. ಅನುಮೋದನೆ ಇಲ್ಲದಿದ್ದರೆ ನಿಮ್ಮಿಂದ ಅಭಿವೃದ್ಧಿ ಶುಲ್ಕವೆಂದು ಎಷ್ಟು ವಸೂಲಾಗಿದೆ, ಅದು ಬಜೆಟ್ಟಿನ ಯಾವ ಶೀರ್ಷಿಕೆಯಲ್ಲಿದೆ ಎಂದು ಮಾಹಿತಿ ಹಕ್ಕಿನಡಿ ಕೇಳಿ. ಬಜೆಟ್ಟಿನ ಪೂರ್ವಭಾವಿ ಸಭೆಗಳು ಸಾಮಾನ್ಯವಾಗಿ ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ ನಡೆಯುತ್ತವೆ, ಬೀದಿಯವರು ಐದಾರು ಮಂದಿ ಒಟ್ಟಿಗೆ ಹೋಗಿ. ನಿಮ್ಮ ಮನೆ ಮುಂದಿನ ಚರಂಡಿಗಿಂತ ಮೊದಲು, ಅದು ಹೋಗಿ ಸೇರಬೇಕಾದ ದೊಡ್ಡ ಕಾಲುವೆಯನ್ನು ಅರ್ಜಿಯ ಮೊದಲ ಸಾಲಿನಲ್ಲಿ ಬರೆಯಿರಿ. ಅಕ್ಕಪಕ್ಕದ ಎರಡು ಮೂರು ವಾರ್ಡಿನವರ ಸಹಿಯೂ ಅದಕ್ಕಿರಲಿ, ಯಾಕೆಂದರೆ ಆ ಕಾಲುವೆ ಒಬ್ಬ ಸದಸ್ಯರ ಪಾಲಿನ ಹಣದಲ್ಲಿ ಎಂದೂ ಮುಗಿಯುವುದಿಲ್ಲ.