ಸರ್ಘ್‌ನಲ್ಲಿ ನಡೆದ ವಾದ

ಮಧ್ಯಾಹ್ನದಿಂದ ಇಸ್ಲಾಮಿನ ಎರಡನೇ ಖಲೀಫ ಉಮರ್ ನನ್ನ ತಲೆಯಲ್ಲೇ ಕೂತಿದ್ದಾರೆ.

ಕ್ರಿ.ಶ. 638-39ರ ಮಾತು. ಪ್ಯಾಲೆಸ್ತೀನಿನ ಅಮ್ವಾಸ್ ಕಡೆ ಕಾಣಿಸಿಕೊಂಡ ಪ್ಲೇಗು ಸಿರಿಯಾಕ್ಕೆಲ್ಲ ಹಬ್ಬಿತ್ತು. ಮದೀನಾದಿಂದ ಹೊರಟಿದ್ದ ಉಮರ್ ಸಿರಿಯಾದ ಗಡಿಯ ಸರ್ಘ್‌ವರೆಗೆ ಬಂದವರು, ಸುದ್ದಿ ಕೇಳಿ ವಾಪಸ್ ಹೋಗೋಣ ಎಂದರು. ಸಿರಿಯಾದ ಅವರ ಸೇನಾಪತಿ ಅಬೂ ಉಬೈದಾಗೆ ಇದು ಹಿಡಿಸಲಿಲ್ಲ. ‘ದೇವರ ವಿಧಿಯಿಂದ ಓಡಿಹೋಗುವುದಾ?’ ‘ಹೌದು, ದೇವರ ವಿಧಿಯಿಂದ ದೇವರ ವಿಧಿಗೇ’ ಎಂದರು ಉಮರ್. ಒಂಟೆಗಳನ್ನು ಹಸಿರು ದಿಣ್ಣೆಯಲ್ಲಿ ಮೇಯಿಸಿದರೂ, ಬರಡು ದಿಣ್ಣೆಯಲ್ಲಿ ಮೇಯಿಸಿದರೂ ಎರಡೂ ವಿಧಿಯೇ ಅಲ್ವಾ ಅಂತ ಕೇಳಿದರು. ಅಷ್ಟರಲ್ಲಿ ಪ್ರವಾದಿ ಮುಹಮ್ಮದರ ಒಡನಾಡಿ ಅಬ್ದುರ್ರಹ್ಮಾನ್ ಇಬ್ನ್ ಔಫ್ ಬಂದು ಪ್ರವಾದಿಯ ಮಾತು ನೆನಪಿಸಿದರು: ಪ್ಲೇಗು ಇರುವ ಊರಿಗೆ ಹೋಗಬೇಡಿ, ನೀವಿರುವ ಊರಿಗೇ ಬಂದರೆ ಬಿಟ್ಟು ಓಡಬೇಡಿ.

ಉಮರ್ ಹಿಂತಿರುಗಿದರು. ಅಬೂ ಉಬೈದಾ ತಮ್ಮ ಸೈನಿಕರ ಜೊತೆಗೇ ಉಳಿದು ಪ್ಲೇಗಿಗೆ ಬಲಿಯಾದರು. ಆಮೇಲೆ ಒಬ್ಬರ ಹಿಂದೊಬ್ಬರಂತೆ ಅವರ ಜಾಗಕ್ಕೆ ಬಂದ ಮುಆದ್ ಇಬ್ನ್ ಜಬಲ್, ಯಜೀದ್ ಇಬ್ನ್ ಅಬೀ ಸುಫ್ಯಾನ್ ಕೂಡ. ಸತ್ತವರು 25,000 ಅಂತ ಹಳೆಯ ಚರಿತ್ರೆಕಾರರ ಲೆಕ್ಕ. ಯಜೀದ್ ಜಾಗಕ್ಕೆ ಅವರ ತಮ್ಮ ಮುಆವಿಯಾ ಬಂದರು, 661ರಲ್ಲಿ ಖಲೀಫರೂ ಆದರು. ಪ್ಲೇಗು ಬರದಿದ್ದರೆ ಅವರಿಂದ ಶುರುವಾದ ಉಮಯ್ಯದ್ ವಂಶದ ಆಳ್ವಿಕೆ ಇರುತ್ತಿತ್ತೋ ಇಲ್ಲವೋ!

ನನಗೆ ಮಾತ್ರ ಆ ರಾಜಕೀಯಕ್ಕಿಂತ ಸರ್ಘ್‌ನ ವಾದವೇ ಜಾಸ್ತಿ ಇಷ್ಟ. ಇಬ್ಬರೂ ಹೇಡಿಗಳಲ್ಲ. ಆದರೂ ನಾನು ಉಮರ್ ಪಕ್ಷ.